ಇದೆ ಎನ್ನುವ ಪಿಪ್, ಇಲ್ಲ ಎನ್ನುವ ಪೈಥಾನ್

ಪೈಥಾನ್ ಕಲಿಯಲು ಕುಳಿತವರಿಗೆ ಬೇಗನೇ ಎದುರಾಗುವ ಸಾಲೊಂದಿದೆ: ‘ಮಾಡ್ಯೂಲ್‌ನಾಟ್‌ಫೌಂಡ್‌ಎರರ್: ನೋ ಮಾಡ್ಯೂಲ್ ನೇಮ್ಡ್ ಪಾಂಡಾಸ್’. ಪಾಂಡಾಸ್ ಎಂಬ ಲೈಬ್ರರಿಯ ಜಾಗದಲ್ಲಿ ನಮ್‌ಪೈ ಇರಬಹುದು, ಇನ್ನಾವುದೋ ಇರಬಹುದು. ಇಲ್ಲವೆಂದರೆ ಹಾಕಿಕೊಂಡರಾಯಿತು ಎಂದು, ಲೈಬ್ರರಿಗಳನ್ನು ಇನ್‌ಸ್ಟಾಲ್ ಮಾಡುವ ಪಿಪ್ ಎಂಬ ಸಲಕರಣೆಗೆ ‘ಪಿಪ್ ಇನ್‌ಸ್ಟಾಲ್ ಪಾಂಡಾಸ್’ ಎಂಬ ಕಮಾಂಡ್ ಕೊಡುತ್ತಾರೆ. ‘ರಿಕ್ವೈರ್‌ಮೆಂಟ್ ಆಲ್ರೆಡಿ ಸ್ಯಾಟಿಸ್‌ಫೈಡ್’ ಎಂಬ ಉತ್ತರ ಬರುತ್ತದೆ. ಅಂದರೆ ಅದು ಆಗಲೇ ಇದೆ. ಮತ್ತೆ ಪ್ರೋಗ್ರಾಂ ಓಡಿಸಿದರೆ ಮತ್ತದೇ ‘ಇಲ್ಲ’. ಮತ್ತೆ ಇನ್‌ಸ್ಟಾಲ್, ಮತ್ತೆ ‘ಇದೆ’. ಸಂಜೆಯವರೆಗೂ ಇದೇ ನಡೆದು, ಕೊನೆಗೆ ಎಷ್ಟೋ ಮಕ್ಕಳು ‘ಇದೆಲ್ಲ ನನಗೆ ಆಗುವ ಕೆಲಸವಲ್ಲ’ ಎಂದು ಲ್ಯಾಪ್‌ಟಾಪ್ ಮುಚ್ಚಿಬಿಡುತ್ತಾರೆ.

ನನಗೆ ಬೇಸರ ತರಿಸುವುದು ಈ ಕೊನೆಯ ಮಾತು. ಆ ಮಗುವಿನ ತರ್ಕದಲ್ಲಿ ತಪ್ಪಿರುವುದಿಲ್ಲ, ಬರೆದ ಕೋಡ್‌ನಲ್ಲೂ ತಪ್ಪಿರುವುದಿಲ್ಲ. ಪಿಪ್ ಹೇಳಿದ್ದೂ ನಿಜ, ಪೈಥಾನ್ ಹೇಳಿದ್ದೂ ನಿಜ. ತಾನು ಹುಡುಕಿದ ಫೋಲ್ಡರ್‌ಗಳಲ್ಲಿ ಆ ಮಾಡ್ಯೂಲ್ ಸಿಗಲಿಲ್ಲ ಎಂದಷ್ಟೇ ಪೈಥಾನ್ ಹೇಳುತ್ತಿದೆ. ಕಂಪ್ಯೂಟರ್‌ನಲ್ಲೇ ಇಲ್ಲ ಎಂದು ಅದು ಹೇಳಿಲ್ಲ. ಹಾಗಾದರೆ ಅದು ಎಲ್ಲಿ ಹುಡುಕಿತು, ಹುಡುಕಿದ್ದು ಯಾವ ಪೈಥಾನ್ ಎಂದು ಕೇಳಬೇಕು. ಈ ಎರಡು ಪ್ರಶ್ನೆಗಳನ್ನು ಬಿಟ್ಟು ಉಳಿದ ಎಲ್ಲವನ್ನೂ ನಮ್ಮ ಪಠ್ಯಪುಸ್ತಕಗಳು ಕಲಿಸುತ್ತವೆ.

‘ಇಂಪೋರ್ಟ್’ ಎಂದಾಗ ಒಳಗೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿಯೇ ನೋಡೋಣ. ಆ ಹೆಸರಿನ ಮಾಡ್ಯೂಲನ್ನು ಈ ಓಟದಲ್ಲಿ ಆಗಲೇ ತೆರೆದಿದ್ದೇನೆಯೇ ಎಂದು ಪೈಥಾನ್ ಮೊದಲು ತನ್ನ ಪಟ್ಟಿಯನ್ನು ನೋಡಿಕೊಳ್ಳುತ್ತದೆ. ಇಲ್ಲದಿದ್ದರೆ, ತನ್ನೊಳಗೇ ಬೆಸೆದುಕೊಂಡು ಬಂದ ಮಾಡ್ಯೂಲ್‌ಗಳಲ್ಲಿ ನೋಡುತ್ತದೆ. ಅಲ್ಲೂ ಇಲ್ಲದಿದ್ದರೆ ‘ಸಿಸ್ ಡಾಟ್ ಪಾತ್’ ಎಂಬ ಫೋಲ್ಡರ್‌ಗಳ ಪಟ್ಟಿ ಹಿಡಿದು ಮೇಲಿನಿಂದ ಕೆಳಕ್ಕೆ ಒಂದೊಂದನ್ನೇ ತಡಕುತ್ತದೆ. ಎಲ್ಲಿ ಮೊದಲು ಸಿಕ್ಕಿತೋ ಅದನ್ನೇ ಎತ್ತಿಕೊಂಡು ಹುಡುಕಾಟ ನಿಲ್ಲಿಸುತ್ತದೆ. ಪಟ್ಟಿ ಮುಗಿದರೂ ಸಿಗದಿದ್ದರೆ ಎರರ್ ಕೊಡುತ್ತದೆ. ಪಟ್ಟಿಯಾಚೆಯ ಒಂದು ಫೋಲ್ಡರ್ ಕಡೆಗೂ ಅದು ಕಣ್ಣು ಹಾಯಿಸುವುದಿಲ್ಲ.

ಈ ಪಟ್ಟಿಯನ್ನು ಒಮ್ಮೆ ಪರದೆಯ ಮೇಲೆ ಅಚ್ಚು ಹಾಕಿ ನೋಡಬೇಕು. ‘ಇಂಪೋರ್ಟ್ ಸಿಸ್’ ಎಂದು ಬರೆದು ‘ಪ್ರಿಂಟ್’ ಆವರಣದೊಳಗೆ ‘ಸಿಸ್ ಡಾಟ್ ಪಾತ್’ ಎಂದು ಕೊಟ್ಟರೆ ಸಾಕು. ಪಟ್ಟಿಯ ಮೊದಲಿಗೆ ನೀವು ಓಡಿಸುತ್ತಿರುವ ಫೈಲ್ ಇರುವ ಫೋಲ್ಡರ್ ಕಾಣುತ್ತದೆ. ಉಬುಂಟು 24.04ರಲ್ಲಿ ಅದರ ನಂತರ ‘ಪೈಥಾನ್312 ಡಾಟ್ ಜಿಪ್’ ಎಂಬ ಜಿಪ್ ಫೈಲಿನ ವಿಳಾಸವಿರುತ್ತದೆ. ಆ ಜಾಗಕ್ಕೆ ಹೋಗಿ ನೋಡಿದರೆ ಸಾಮಾನ್ಯವಾಗಿ ಅಂಥ ಫೈಲೇ ಇರುವುದಿಲ್ಲ. ಪೈಥಾನ್ ಅದನ್ನು ತಕರಾರಿಲ್ಲದೆ ದಾಟಿ ಮುಂದೆ ಹೋಗುತ್ತದೆ. ಆಮೇಲೆ ಪೈಥಾನ್ ಜತೆಗೇ ಬರುವ ಸ್ಟ್ಯಾಂಡರ್ಡ್ ಲೈಬ್ರರಿಯ ಫೋಲ್ಡರ್. ಕೊನೆಯಲ್ಲಿ, ನಾವು ಪಿಪ್‌ನಿಂದ ಹಾಕಿಕೊಂಡದ್ದೆಲ್ಲ ಬಂದು ಕೂರುವ ‘ಸೈಟ್-ಪ್ಯಾಕೇಜಸ್’. ಉಬುಂಟು, ಡೆಬಿಯನ್‌ಗಳು ತಮ್ಮ ಪೈಥಾನ್‌ನಲ್ಲಿ ಇದನ್ನು ‘ಡಿಸ್ಟ್-ಪ್ಯಾಕೇಜಸ್’ ಎಂದು ಕರೆಯುತ್ತವೆ. ನಿಮ್ಮ ಪಾಂಡಾಸ್ ಈ ಪಟ್ಟಿಯಲ್ಲಿರುವ ಫೋಲ್ಡರ್‌ಗೇ ಬಂದು ಇಳಿಯಿತೇ ಎಂಬುದನ್ನು ಮೊದಲು ನೋಡಬೇಕು.

ಎಷ್ಟೋ ಸಲ ಇಳಿದಿರುವುದಿಲ್ಲ. ಏಕೆಂದರೆ ಇಂದಿನ ಲ್ಯಾಪ್‌ಟಾಪ್‌ನಲ್ಲಿ ಇರುವುದು ಒಂದೇ ಪೈಥಾನ್ ಅಲ್ಲ. ಯಾರೋ ಹೇಳಿದರೆಂದು ಪೈಥಾನ್‌ನ ಅಧಿಕೃತ ತಾಣದಿಂದ ಒಂದನ್ನು ಇಳಿಸಿಕೊಂಡಿರುತ್ತಾರೆ. ವಿಂಡೋಸ್‌ನಲ್ಲಿ ‘ಪೈಥಾನ್’ ಎಂದು ಟೈಪ್ ಮಾಡಿದಾಗ ತೆರೆದುಕೊಂಡ ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಇನ್ನೊಂದು ಬಂದಿರುತ್ತದೆ. ಡೇಟಾ ಸೈನ್ಸ್ ಕೋರ್ಸ್‌ಗೆಂದು ಅನಕೊಂಡಾ ಹಾಕಿದಾಗ ಮೂರನೆಯದು. ಲಿನಕ್ಸ್ ಆದರೆ ವ್ಯವಸ್ಥೆಯ ಕೆಲಸಕ್ಕೆಂದೇ ಒಂದು ಮೊದಲೇ ಇರುತ್ತದೆ. ಪ್ರತಿಯೊಂದಕ್ಕೂ ತನ್ನದೇ ಸೈಟ್-ಪ್ಯಾಕೇಜಸ್ ಫೋಲ್ಡರ್. ಒಂದಕ್ಕೆ ಹಾಕಿದ್ದು ಇನ್ನೊಂದಕ್ಕೆ ಕಾಣದು. ಟರ್ಮಿನಲ್‌ನಲ್ಲಿ ಓಡುವ ಪಿಪ್ ಒಂದು ಪೈಥಾನ್‌ಗೆ ಸೇರಿರುತ್ತದೆ, ಕೋಡ್ ಬರೆಯಲು ಬಳಸುವ ವಿಎಸ್ ಕೋಡ್ ತಂತ್ರಾಂಶದ ಓಡಿಸುವ ಗುಂಡಿ ಮತ್ತೊಂದನ್ನು ಕರೆಯುತ್ತದೆ. ಪಕ್ಕದ ಮನೆಗೆ ಗ್ಯಾಸ್ ಸಿಲಿಂಡರ್ ಇಳಿಸಿ ನಮ್ಮ ಮನೆಯ ಒಲೆ ಹಚ್ಚಲು ನೋಡಿದ ಹಾಗೆ.

ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿನಿ ಪ್ರಾಜೆಕ್ಟ್ ಒಪ್ಪಿಸುವ ಹಿಂದಿನ ದಿನ ಹೀಗೇ ಲ್ಯಾಪ್‌ಟಾಪ್ ಹಿಡಿದು ಬಂದಿದ್ದಳು. “ಸರ್, ಇನ್‌ಸ್ಟಾಲ್ ಆಗಿದೆ, ಆದ್ರೂ ಇಲ್ಲ ಅಂತಿದೆ. ಪೂರ್ತಿ ತೆಗೆದು ಮತ್ತೆ ಹಾಕಿದ್ರೂ ಅಷ್ಟೇ.”

“ಇನ್ನೇನೂ ಹಾಕಬೇಡಮ್ಮ. ನಿನ್ನ ಫೈಲಿನ ಮೊದಲ ಸಾಲಿನಲ್ಲಿ ಸಿಸ್ ಡಾಟ್ ಎಕ್ಸಿಕ್ಯೂಟೆಬಲ್ ಪ್ರಿಂಟ್ ಮಾಡು” ಎಂದೆ. ಈಗ ಓಡುತ್ತಿರುವುದು ಯಾವ ಪೈಥಾನ್ ಎಂಬುದನ್ನು ಅದು ಹೇಳುತ್ತದೆ.

ಪರದೆಯ ಮೇಲೆ ಬಂದದ್ದು ಅನಕೊಂಡಾ ಫೋಲ್ಡರಿನೊಳಗಿನ ಪೈಥಾನ್‌ನ ವಿಳಾಸ. ಟರ್ಮಿನಲ್‌ನಲ್ಲಿ ‘ಪಿಪ್ ಹೈಫನ್-ಹೈಫನ್ ವರ್ಶನ್’ ಎಂದು ಕೇಳಿದಾಗ ಬಂದದ್ದು ಬೇರೊಂದು ಫೋಲ್ಡರಿನ, ಬೇರೆ ಆವೃತ್ತಿಯ ಪೈಥಾನ್. ಎರಡೂ ವಿಳಾಸಗಳನ್ನು ಮೇಲೆ ಕೆಳಗೆ ಇಟ್ಟು ನೋಡಿದೊಡನೆ ಅವಳಿಗೇ ಗೊತ್ತಾಯಿತು. ನಾನು ಮುಂದೆ ವಿವರಿಸುವ ಅಗತ್ಯ ಬೀಳಲಿಲ್ಲ. ವಿಎಸ್ ಕೋಡ್‌ನ ಕೆಳತುದಿಯ ಪಟ್ಟಿಯಲ್ಲಿ ಪೈಥಾನ್ ಆವೃತ್ತಿ ತೋರಿಸುವ ಜಾಗವನ್ನು ಒತ್ತಿ ಸರಿಯಾದದ್ದನ್ನು ಆರಿಸಿದಳು, ಪ್ರೋಗ್ರಾಂ ಓಡಿತು.

ಈ ಗೊಂದಲವನ್ನು ಬುಡದಲ್ಲೇ ತಪ್ಪಿಸುವ ಒಂದು ಅಭ್ಯಾಸವಿದೆ. ಬರಿಯ ‘ಪಿಪ್ ಇನ್‌ಸ್ಟಾಲ್’ ಬರೆಯುವ ಬದಲು ‘ಪೈಥಾನ್ ಹೈಫನ್ ಎಮ್ ಪಿಪ್ ಇನ್‌ಸ್ಟಾಲ್’ ಎಂದು ಬರೆಯುವುದು. ಆಗ ಯಾವ ಪೈಥಾನನ್ನು ಕರೆದಿರೋ ಅದರ ಪಿಪ್ಪೇ ಓಡುತ್ತದೆ, ಅದರ ಫೋಲ್ಡರ್‌ಗೇ ಲೈಬ್ರರಿ ಇಳಿಯುತ್ತದೆ. ಜುಪಿಟರ್ ನೋಟ್‌ಬುಕ್‌ನಲ್ಲಿ ಕೆಲಸ ಮಾಡುವವರು ಆಶ್ಚರ್ಯಸೂಚಕ ಚಿಹ್ನೆ ಹಾಕಿ ಪಿಪ್ ಓಡಿಸುವುದನ್ನು ಬಿಟ್ಟು, ಶೇಕಡಾ ಚಿಹ್ನೆ ಹಾಕಿ ಓಡಿಸಬೇಕು. ಮೊದಲನೆಯದು ಕಂಪ್ಯೂಟರ್‌ನ ಶೆಲ್‌ಗೆ ಹೋಗುತ್ತದೆ, ಅಲ್ಲಿ ಯಾವ ಪಿಪ್ ಸಿಗುವುದೋ ಹೇಳಲಾಗದು. ಎರಡನೆಯದು ಆ ನೋಟ್‌ಬುಕ್ ಓಡುತ್ತಿರುವ ಕರ್ನಲ್‌ಗೇ, ಅಂದರೆ ಅದರದೇ ಪೈಥಾನ್‌ಗೇ ಹೋಗುತ್ತದೆ. ‘ಕೊಲ್ಯಾಬ್‌ನಲ್ಲಿ ಓಡುತ್ತದೆ, ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡುವುದಿಲ್ಲ’ ಎಂಬ ದೂರಿಗೂ ಇದೇ ಬಗೆಯ ವಿವರಣೆ. ಕೊಲ್ಯಾಬ್ ಓಡುವುದು ಗೂಗಲ್‌ನ ಯಂತ್ರದಲ್ಲಿ, ಪಾಂಡಾಸ್, ನಮ್‌ಪೈಗಳನ್ನು ಅಲ್ಲಿ ಮೊದಲೇ ಹಾಕಿಟ್ಟಿರುತ್ತಾರೆ.

ಪೈಥಾನ್ ಸಮುದಾಯ ಈ ಸಮಸ್ಯೆಯನ್ನು ಕಂಡು ಸುಮ್ಮನೆ ಕುಳಿತಿಲ್ಲ. ಇಯಾನ್ ಬಿಕಿಂಗ್ ಎಂಬ ಪ್ರೋಗ್ರಾಮರ್ 2007ರಲ್ಲಿ ‘ವರ್ಚುವಲ್‌ಎನ್ವ್’ ತಂದರು, ಮರುವರ್ಷ ಪಿಪ್ ತಂದದ್ದೂ ಅವರೇ. ಒಂದೊಂದು ಪ್ರಾಜೆಕ್ಟ್‌ಗೂ ಅದರದೇ ಪ್ರತ್ಯೇಕ ಸೈಟ್-ಪ್ಯಾಕೇಜಸ್ ಕೊಡುವುದು ವರ್ಚುವಲ್‌ಎನ್ವ್ ಹಿಂದಿನ ಉಪಾಯ. 2012ರಲ್ಲಿ ಬಂದ ಪೈಥಾನ್ 3.3ರಿಂದ ಅದೇ ಉಪಾಯ ‘ವೆನ್ವ್’ ಎಂಬ ಹೆಸರಿನಲ್ಲಿ ಪೈಥಾನ್ ಜತೆಗೇ ಬರುತ್ತಿದೆ. ಹೀಗೆ ಮಾಡಿದ ಫೋಲ್ಡರಿನೊಳಗೆ ‘ಪೈವೆನ್ವ್ ಡಾಟ್ ಸಿಎಫ್‌ಜಿ’ ಎಂಬ ಪುಟ್ಟ ಫೈಲ್ ಇರುತ್ತದೆ. ತೆರೆದು ಓದಿದರೆ ಕೆಲವೇ ಸಾಲುಗಳು: ಮೂಲ ಪೈಥಾನ್ ಎಲ್ಲಿದೆ ಎನ್ನುವ ವಿಳಾಸ, ಅದರ ಆವೃತ್ತಿ, ಮತ್ತು ಹೊರಗಿನ ಪ್ಯಾಕೇಜ್‌ಗಳನ್ನು ನೋಡಬೇಕೋ ಬೇಡವೋ ಎಂಬುದಕ್ಕೆ ‘ಫಾಲ್ಸ್’ ಎಂಬ ಉತ್ತರ. ವಿಳಾಸವನ್ನು ಪೂರ್ತಿಯಾಗಿ ಬರೆದಿಟ್ಟಿರುವುದರಿಂದಲೇ ಆ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿ ಗೆಳೆಯನ ಕಂಪ್ಯೂಟರ್‌ಗೆ ಒಯ್ದರೆ ಕೆಲಸಕ್ಕೆ ಬಾರದು. ಹಾಸ್ಟೆಲ್‌ಗಳಲ್ಲಿ ಪ್ರಾಜೆಕ್ಟ್‌ಗಳು ಕೈಯಿಂದ ಕೈಗೆ ದಾಟುವುದೇ ಪೆನ್‌ಡ್ರೈವ್‌ನಲ್ಲಿ, ಆದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಕೋಡ್ ಜತೆಗೆ ಬೇಕಾದ ಲೈಬ್ರರಿಗಳ ಹೆಸರು, ಆವೃತ್ತಿ ಬರೆದ ‘ರಿಕ್ವೈರ್‌ಮೆಂಟ್ಸ್’ ಪಟ್ಟಿಯನ್ನು ಒಯ್ಯಬೇಕು; ವೆನ್ವನ್ನು ಅಲ್ಲಿ ಹೊಸದಾಗಿ ಮಾಡಿಕೊಳ್ಳಬೇಕು.

2023ರಲ್ಲಿ ಬಂದ ಉಬುಂಟು 23.04 ಮತ್ತು ಡೆಬಿಯನ್ 12ರಿಂದೀಚೆಗೆ ವೆನ್ವ್ ಬಳಸಬೇಕೆಂಬ ಮಾತನ್ನು ಯಂತ್ರವೇ ಹೇಳತೊಡಗಿದೆ. ವ್ಯವಸ್ಥೆಯ ಪೈಥಾನ್‌ಗೆ ನೇರವಾಗಿ ಪಿಪ್‌ನಿಂದ ಏನನ್ನಾದರೂ ಹಾಕಲು ಹೋದರೆ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್’ ಎಂದು ತಡೆಯುತ್ತದೆ, ವೆನ್ವ್ ಮಾಡಿಕೊಳ್ಳಿ ಎಂದು ದಾರಿಯನ್ನೂ ತೋರಿಸುತ್ತದೆ. ಆ ತಡೆಯನ್ನು ಮುರಿಯಲು ಒಂದು ಆಯ್ಕೆಯಿದೆ, ಅದರ ಹೆಸರೇ ‘ಬ್ರೇಕ್ ಸಿಸ್ಟಮ್ ಪ್ಯಾಕೇಜಸ್’. ಅಂತರ್ಜಾಲದಲ್ಲಿ ಇದನ್ನೇ ಪರಿಹಾರವೆಂದು ಸಲಹೆ ಕೊಡುವವರು ಕಡಿಮೆಯಿಲ್ಲ. ದಯವಿಟ್ಟು ಅವರ ಮಾತು ಕೇಳಬೇಡಿ. ಲಿನಕ್ಸ್‌ನ ಹಲವು ಸಲಕರಣೆಗಳು ಆ ಪೈಥಾನನ್ನೇ ನಂಬಿಕೊಂಡಿವೆ.

ಹೆಸರಿನ ತೊಡಕು ಇನ್ನೊಂದು ಬಗೆಯದು. ಕೋಡ್‌ನಲ್ಲಿ ‘ಇಂಪೋರ್ಟ್ ಸಿವಿ2’ ಎಂದಿರುತ್ತದೆ, ಪಿಪ್‌ಗೆ ಹೇಳಬೇಕಾದ ಹೆಸರು ‘ಓಪನ್‌ಸಿವಿ-ಪೈಥಾನ್’. ‘ಬಿಎಸ್4’ ಬೇಕಾದರೆ ‘ಬ್ಯೂಟಿಫುಲ್‌ಸೂಪ್4’ ಹಾಕಬೇಕು, ‘ಯಾಮಲ್’ ಬೇಕಾದರೆ ‘ಪೈಯಾಮಲ್’. ‘ಎಸ್‌ಕೆಲರ್ನ್’ ಎಂದು ಇಂಪೋರ್ಟ್ ಮಾಡುವ ಲೈಬ್ರರಿಯ ನಿಜವಾದ ಪ್ಯಾಕೇಜ್ ‘ಸೈಕಿಟ್-ಲರ್ನ್’. ಎಸ್‌ಕೆಲರ್ನ್ ಎಂದೇ ಹಾಕಲು ಹೋದರೆ ಈಗ ಎರರ್ ಬರುತ್ತದೆ. ಹೆಸರುಗಳ ಈ ವ್ಯತ್ಯಾಸದ ಹಿಂದೆ ಕೆಲವೊಮ್ಮೆ ಚರಿತ್ರೆಯಿರುತ್ತದೆ. ಚಿತ್ರಗಳ ಮೇಲೆ ಕೆಲಸ ಮಾಡುವ ‘ಪಿಐಎಲ್’ ಲೈಬ್ರರಿಯನ್ನು ಬರೆದವರು ಫ್ರೆಡ್ರಿಕ್ ಲುಂಡ್. 2009ರ ಬಳಿಕ ಅದರ ಹೊಸ ಆವೃತ್ತಿ ಬರಲಿಲ್ಲ. 2010ರಲ್ಲಿ ಬೇರೆಯವರು ಅದನ್ನು ‘ಪಿಲ್ಲೊ’ ಹೆಸರಿನಲ್ಲಿ ಕೈಗೆತ್ತಿಕೊಂಡರು. ಆ ಹೊತ್ತಿಗಾಗಲೇ ಬರೆದಿದ್ದ ಅಪಾರ ಕೋಡ್ ಹಾಳಾಗಬಾರದೆಂದು ಒಳಗಿನ ಮಾಡ್ಯೂಲ್‌ನ ಹೆಸರನ್ನು ಪಿಐಎಲ್ ಎಂದೇ ಉಳಿಸಿಕೊಂಡರು. ಹಾಗಾಗಿ ಇಂದಿಗೂ ಹಾಕುವುದು ಪಿಲ್ಲೊ, ಕರೆಯುವುದು ಪಿಐಎಲ್. ದೊಡ್ಡಕ್ಷರ, ಚಿಕ್ಕಕ್ಷರದ ವಿಷಯದಲ್ಲೂ ಎಚ್ಚರ ಬೇಕು. ಪಿಪ್‌ಗೆ ಅದರ ಭೇದವಿಲ್ಲ, ಇಂಪೋರ್ಟ್‌ಗೆ ಇದೆ. ಪಾಂಡಾಸ್‌ನ ಮೊದಲ ಅಕ್ಷರವನ್ನು ಇಂಗ್ಲಿಷ್‌ನ ದೊಡ್ಡಕ್ಷರದಲ್ಲಿ ಬರೆದರೆ ಇನ್‌ಸ್ಟಾಲ್ ಆಗುತ್ತದೆ, ಇಂಪೋರ್ಟ್ ಆಗುವುದಿಲ್ಲ.

ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾದ ಮಾತೊಂದಿದೆ. ಎರರ್‌ನಲ್ಲಿ ಕಂಡ ಹೆಸರನ್ನು ಹಾಗೆಯೇ ಪಿಪ್‌ಗೆ ಕೊಡುವುದು, ಸಿಗದಿದ್ದರೆ ಊಹಿಸಿ ಇನ್ನೊಂದು ಹೆಸರು ಕೊಡುವುದು ಅಪಾಯದ ಕೆಲಸ. ಪಿಪ್ ಪ್ಯಾಕೇಜ್‌ಗಳನ್ನು ತರುವ, 2003ರಿಂದ ನಡೆದುಬಂದಿರುವ ‘ಪೈಪಿಐ’ ಭಂಡಾರಕ್ಕೆ ಯಾರು ಬೇಕಾದರೂ ಪ್ಯಾಕೇಜ್ ಸೇರಿಸಬಹುದು. ಅದರ ಶಕ್ತಿಯೂ ಅದೇ, ತೊಂದರೆಯೂ ಅದೇ. 2017ರಲ್ಲಿ ಸ್ಲೊವಾಕಿಯಾದ ರಾಷ್ಟ್ರೀಯ ಭದ್ರತಾ ಸಂಸ್ಥೆ ಅಲ್ಲಿ ಹತ್ತು ನಕಲಿ ಪ್ಯಾಕೇಜ್‌ಗಳನ್ನು ಪತ್ತೆ ಮಾಡಿತು. ‘ಯುಆರ್‌ಎಲ್‌ಲಿಬ್3’ ಎಂಬ ಹೆಸರಾಂತ ಲೈಬ್ರರಿಯ ಕಾಗುಣಿತದಲ್ಲಿ ಒಂದೇ ಅಕ್ಷರ ಬಿಟ್ಟ ಹೆಸರು ಅವುಗಳಲ್ಲಿ ಒಂದು. ಅವಸರದಲ್ಲಿ ತಪ್ಪಾಗಿ ಟೈಪ್ ಮಾಡುವವರಿಗೆಂದೇ ಒಡ್ಡಿದ ಬಲೆ ಅದು.

ಈಗ ಅದಕ್ಕೆ ಹೊಸ ಕವಲು ಸೇರಿದೆ. ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗಳು ಕೋಡ್ ಬರೆದುಕೊಡುವಾಗ ಇಲ್ಲದ ಪ್ಯಾಕೇಜ್‌ಗಳ ಹೆಸರನ್ನೂ ನಿಜವೆಂಬಂತೆ ಹೇಳಿಬಿಡುತ್ತವೆ. ಭದ್ರತಾ ಸಂಶೋಧಕ ಬಾರ್ ಲಾನ್ಯಾಡೊ ಅಂಥ ಒಂದು ಹೆಸರು, ‘ಹಗ್ಗಿಂಗ್‌ಫೇಸ್-ಸಿಎಲ್‌ಐ’, ಮತ್ತೆ ಮತ್ತೆ ಬರುವುದನ್ನು ಗಮನಿಸಿದರು. ಆ ಹೆಸರಿನಲ್ಲಿ ಏನೂ ಇಲ್ಲದ ಖಾಲಿ ಪ್ಯಾಕೇಜೊಂದನ್ನು ತಾವೇ ಪೈಪಿಐಗೆ ಸೇರಿಸಿ ನೋಡಿದರು. 2024ರಲ್ಲಿ ಅವರು ತಿಳಿಸಿದಂತೆ ಮೂರು ತಿಂಗಳಲ್ಲಿ 30 ಸಾವಿರಕ್ಕೂ ಹೆಚ್ಚು ಸಲ ಅದು ಡೌನ್‌ಲೋಡ್ ಆಗಿತ್ತು. ಅದರೊಳಗೆ ಕಳ್ಳ ಕೋಡ್ ಇಟ್ಟಿದ್ದರೆ ಏನಾಗುತ್ತಿತ್ತು ಎಂಬುದನ್ನು ನೀವೇ ಯೋಚಿಸಿ. ಆದ್ದರಿಂದ ಪ್ಯಾಕೇಜ್‌ನ ಹೆಸರನ್ನು ಆ ಲೈಬ್ರರಿಯ ಅಧಿಕೃತ ದಾಖಲೆ ಪುಟದಿಂದಲೇ ತೆಗೆದುಕೊಳ್ಳಬೇಕು. ಒಂದು ನಿಮಿಷದ ಕೆಲಸ, ಅಷ್ಟೇ.

ಇಷ್ಟೆಲ್ಲ ಸರಿಯಿದ್ದೂ ಎರರ್ ಬಂದರೆ ನಿಮ್ಮದೇ ಫೋಲ್ಡರನ್ನು ನೋಡಿ. ಇಮೇಲ್ ಕಳುಹಿಸುವ ಪ್ರೋಗ್ರಾಂ ಬರೆಯುವವರು ಫೈಲಿಗೆ ‘ಇಮೇಲ್ ಡಾಟ್ ಪಿವೈ’ ಎಂದೇ ಹೆಸರಿಡುವುದು ಸಹಜ. ಆದರೆ ಪೈಥಾನ್‌ನ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲೂ ‘ಇಮೇಲ್’ ಇದೆ. ಹುಡುಕಾಟದ ಪಟ್ಟಿಯಲ್ಲಿ ನಿಮ್ಮ ಫೋಲ್ಡರ್ ಮೊದಲಿಗಿರುವುದರಿಂದ ನಿಮ್ಮ ಫೈಲೇ ಮೊದಲು ಸಿಗುತ್ತದೆ. ಆಗ ಬರುವ ಸಂದೇಶ ಇದು: ‘ನೋ ಮಾಡ್ಯೂಲ್ ನೇಮ್ಡ್ ಇಮೇಲ್ ಡಾಟ್ ಮೈಮ್; ಇಮೇಲ್ ಈಸ್ ನಾಟ್ ಎ ಪ್ಯಾಕೇಜ್’. ಅರ್ಧವಿರಾಮದ ಆಚೆಗಿನ ಆ ಕೊನೆಯ ತುಣುಕಿನಲ್ಲೇ ಉತ್ತರವಿದೆ. ಇಮೇಲ್ ಎಂಬುದು ಸಿಕ್ಕಿದೆ, ಆದರೆ ಸಿಕ್ಕಿದ್ದು ಒಂದೇ ಒಂದು ಫೈಲ್, ಒಳಗೆ ಬೇರೆ ಮಾಡ್ಯೂಲ್‌ಗಳಿರುವ ಪ್ಯಾಕೇಜ್ ಅಲ್ಲ ಎಂದು ಪೈಥಾನ್ ಹೇಳುತ್ತಿದೆ. ಫೈಲಿನ ಹೆಸರು ಬದಲಿಸಿದರೆ ಮುಗಿಯಿತು. ‘ರ್‍ಯಾಂಡಮ್’, ‘ಪಾಂಡಾಸ್’ ಎಂದು ಅಭ್ಯಾಸದ ಫೈಲುಗಳಿಗೆ ಹೆಸರಿಟ್ಟವರಿಗೂ ಇದೇ ಗತಿ. 2024ರ ಅಕ್ಟೋಬರ್‌ನಲ್ಲಿ ಬಂದ ಪೈಥಾನ್ 3.13ರಲ್ಲಿ ಇಂಥ ಹಲವು ಸಂದರ್ಭಗಳಲ್ಲಿ ‘ನಿಮ್ಮ ಫೈಲಿನ ಹೆಸರು ಬದಲಿಸಿ ನೋಡಿ’ ಎಂಬ ಸೂಚನೆ ಎರರ್ ಜತೆಗೇ ಬರುತ್ತದೆ. ತುಂಬ ಒಳ್ಳೆಯ ಸುಧಾರಣೆ.

ಹಳೆಯ ವಿಡಿಯೊ ಪಾಠ ನೋಡಿ ಕಲಿಯುವವರನ್ನು ಕಾಡುವುದು ಆವೃತ್ತಿ. ಪೈಥಾನ್ 2ಕ್ಕೆ 2020ರ ಜನವರಿ 1ಕ್ಕೇ ಬೆಂಬಲ ನಿಂತಿತು. ಅದರ ‘ಯುಆರ್‌ಎಲ್‌ಲಿಬ್2’ ಪೈಥಾನ್ 3ರಲ್ಲಿ ಇಲ್ಲವೇ ಇಲ್ಲ. 2023ರ ಪೈಥಾನ್ 3.12ರಲ್ಲಿ ‘ಡಿಸ್ಟ್‌ಯುಟಿಲ್ಸ್’ ತೆಗೆದುಹಾಕಿದರು, 3.13ರಲ್ಲಿ ಬಳಕೆ ತಪ್ಪಿದ್ದ 19 ಮಾಡ್ಯೂಲ್‌ಗಳನ್ನು ಒಟ್ಟಿಗೆ ತೆಗೆದರು, ‘ಸಿಜಿಐ’ ಅವುಗಳಲ್ಲೊಂದು. ಆವೃತ್ತಿ ಸರಿಯಿದ್ದೂ ಉಬುಂಟುವಿನಲ್ಲಿ ಸ್ಟ್ಯಾಂಡರ್ಡ್ ಲೈಬ್ರರಿಯ ‘ಟಿಕೆಇಂಟರ್’ ಸಿಗದಿದ್ದರೆ ಪಿಪ್‌ನಿಂದ ಹುಡುಕಿ ಪ್ರಯೋಜನವಿಲ್ಲ, ‘ಎಪಿಟಿ’ ಮೂಲಕ ‘ಪೈಥಾನ್3-ಟಿಕೆ’ ಹಾಕಿಕೊಳ್ಳಬೇಕು.

ಕನ್ನಡಕ್ಕೆ ಸಂಬಂಧಿಸಿದ ಒಂದು ಕೆಲಸವನ್ನೇ ತೆಗೆದುಕೊಂಡು ಇದನ್ನೆಲ್ಲ ಒಟ್ಟಿಗೆ ನೋಡಬಹುದು. ಹಳೆಯ ಕನ್ನಡ ಪುಸ್ತಕದ ಪುಟಗಳನ್ನು ಸ್ಕ್ಯಾನ್ ಮಾಡಿ, ಚಿತ್ರದಲ್ಲಿರುವ ಅಕ್ಷರಗಳನ್ನು ಪಠ್ಯವಾಗಿಸಬೇಕು ಎಂದಿಟ್ಟುಕೊಳ್ಳಿ. ಮುಕ್ತವಾಗಿ ಸಿಗುವ ಟೆಸರಾಕ್ಟ್ ಎಂಬ ತಂತ್ರಾಂಶಕ್ಕೆ ಕನ್ನಡ ಓದಲು ಬರುತ್ತದೆ. ಕೋಡ್ ನಾಲ್ಕೈದು ಸಾಲು. ‘ಪಿಐಎಲ್’ ಇಲ್ಲ ಎಂದು ಮೊದಲ ಎರರ್ ಬರುತ್ತದೆ, ಪಿಲ್ಲೊ ಹಾಕುತ್ತೀರಿ. ‘ಪೈಟೆಸರಾಕ್ಟ್’ ಇಲ್ಲ ಎನ್ನುತ್ತದೆ, ಅದನ್ನೂ ಹಾಕುತ್ತೀರಿ. ಇಂಪೋರ್ಟ್‌ಗಳೆಲ್ಲ ಸರಾಗವಾಗಿ ದಾಟುತ್ತವೆ. ಆಮೇಲೆ ‘ಟೆಸರಾಕ್ಟ್‌ನಾಟ್‌ಫೌಂಡ್’ ಎಂಬ ಬೇರೆಯದೇ ಎರರ್. ಪಿಪ್ ತಂದುಕೊಟ್ಟದ್ದು ಟೆಸರಾಕ್ಟನ್ನು ಪೈಥಾನ್‌ನಿಂದ ಕರೆಯುವ ಸೇತುವೆಯನ್ನು ಮಾತ್ರ. ಓದುವ ಯಂತ್ರವನ್ನು ಬೇರೆಯಾಗಿ ಹಾಕಬೇಕು. ಅದನ್ನೂ ಹಾಕಿದ ಮೇಲೆ ‘ಕನ್’ ಎಂಬ ಭಾಷೆಯ ಫೈಲ್ ಸಿಗುತ್ತಿಲ್ಲ ಎನ್ನುತ್ತದೆ. ಕನ್ನಡದ ತರಬೇತಿ ಫೈಲ್ ಮೂಲ ಯಂತ್ರದ ಜತೆ ಬಂದಿರುವುದಿಲ್ಲ. ಉಬುಂಟುವಿನಲ್ಲಿ ‘ಟೆಸರಾಕ್ಟ್-ಒಸಿಆರ್-ಕನ್’ ಎಂಬ ಪ್ರತ್ಯೇಕ ಪ್ಯಾಕೇಜ್ ಇದೆ.

ಈ ನಾಲ್ಕೂ ಎರರ್‌ಗಳು ಕೆಂಪು ಸಾಲುಗಳಾಗಿ ಒಂದೇ ತರಹ ಕಾಣುತ್ತವೆ, ಆದರೆ ಒಂದೊಂದೂ ಒಂದೊಂದು ಜಾಗದ ಕೊರತೆಯನ್ನು ಹೆಸರಿಸಿ ಹೇಳುತ್ತದೆ. ಕೊನೆಯ ಸಾಲನ್ನು ಅಕ್ಷರಶಃ ಓದಿದವರು ಅರ್ಧ ಗಂಟೆಯಲ್ಲಿ ಕನ್ನಡ ಪುಟವನ್ನು ಪರದೆಯ ಮೇಲೆ ಪಠ್ಯವಾಗಿ ಕಾಣುತ್ತಾರೆ. ಓದದವರು ಪೈಥಾನನ್ನೇ ತೆಗೆದು ಮತ್ತೆ ಹಾಕುತ್ತಾರೆ, ಆಗ ಲ್ಯಾಪ್‌ಟಾಪ್‌ನಲ್ಲಿ ಇನ್ನೂ ಒಂದು ಪೈಥಾನ್ ಹೆಚ್ಚಾಗುತ್ತದೆ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ಮೊದಲ ವರ್ಷಕ್ಕೇ ಪೈಥಾನ್ ಪರಿಚಯದ ವಿಷಯವಿದೆ. ಎನ್‌ಸಿಇಆರ್‌ಟಿಯ 11ನೇ ತರಗತಿಯ ಕಂಪ್ಯೂಟರ್ ಸೈನ್ಸ್ ಪುಸ್ತಕದಲ್ಲೂ ಪೈಥಾನ್ ಇದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗೆ ಇಂಗ್ಲಿಷ್‌ನ ಕೆಂಪು ಸಾಲುಗಳು ಎರಡು ಪಟ್ಟು ಹೆದರಿಕೆ ಹುಟ್ಟಿಸುತ್ತವೆ. ತಮಗೆ ಭಾಷೆ ಬಾರದ್ದೇ ಕಾರಣವೆಂದು ಅವರು ಸುಮ್ಮನಾಗುತ್ತಾರೆ. ಪಾಠ ಮಾಡುವ ಮೇಷ್ಟ್ರು, ಮೇಡಂಗಳಲ್ಲಿ ನನ್ನ ವಿನಂತಿಯೆಂದರೆ, ಲ್ಯಾಬ್‌ನ ಮೊದಲ ದಿನ ಲೂಪ್, ಲಿಸ್ಟ್‌ಗಳಿಗಿಂತ ಮುಂಚೆ ಸಿಸ್ ಡಾಟ್ ಎಕ್ಸಿಕ್ಯೂಟೆಬಲ್ ಪ್ರಿಂಟ್ ಮಾಡಿಸಿ. ಒಂದು ವೆನ್ವ್ ಮಾಡಿಸಿ. ಬೇಕೆಂದೇ ಇಲ್ಲದ ಮಾಡ್ಯೂಲ್ ಒಂದನ್ನು ಇಂಪೋರ್ಟ್ ಮಾಡಿಸಿ, ಬಂದ ಎರರನ್ನು ತರಗತಿಯಲ್ಲೇ ಕನ್ನಡದಲ್ಲಿ ಬಿಡಿಸಿ ಹೇಳಿ.

ಕಲಿಯುತ್ತಿರುವವರಿಗೆ ಒಂದು ಮಾತು. ಯಾರಲ್ಲಿ ಸಹಾಯ ಕೇಳಿದರೂ ಮೂರು ಸಂಗತಿಗಳನ್ನು ಜತೆಗೆ ಕಳುಹಿಸಿ: ಎರರ್‌ನ ಕೊನೆಯ ಸಾಲು, ಪೈಥಾನ್ ಆವೃತ್ತಿ, ಸಿಸ್ ಡಾಟ್ ಎಕ್ಸಿಕ್ಯೂಟೆಬಲ್ ಕೊಟ್ಟ ವಿಳಾಸ. ಮೊಬೈಲ್‌ನಲ್ಲಿ ತೆಗೆದ ಪರದೆಯ ಫೋಟೊ ಬೇಡ, ಅಕ್ಷರಗಳನ್ನೇ ನಕಲು ಮಾಡಿ ಅಂಟಿಸಿ. ಆ ಮೂರೂ ಮುಂದಿದ್ದರೆ ಇಂಥ ಹೆಚ್ಚಿನ ತೊಂದರೆಗಳನ್ನು ಫೋನಿನಲ್ಲೇ ಬಗೆಹರಿಸಬಹುದು.